ಹತ್ತು ಜನಕ್ಕೆ ದೋಸೆ ಹಾಕುವವರಿಗೆ: ಪರದೇಶದ ಅಡುಗೆಮನೆಯಲ್ಲಿ ಎರಡು ಲೀಟರ್ ಗ್ರೈಂಡರ್

ಇಬ್ಬರಿಗೆ ದೋಸೆ ಮಾಡಲು ಗ್ರೈಂಡರ್ ಬೇಡ, ಮಿಕ್ಸಿ ಸಾಕು. ಇದನ್ನು ಮೊದಲೇ ಹೇಳಿಬಿಡುವುದು ವಾಸಿ. ಪರದೇಶದಲ್ಲಿರುವ ನಮ್ಮವರ ಮನೆಗಳಲ್ಲಿ ಗ್ಯಾರೇಜಿನ ಮೂಲೆ ಸೇರಿ ಧೂಳು ಹಿಡಿಯುವ ಗ್ರೈಂಡರುಗಳು ಸಾಮಾನ್ಯವಾಗಿ ತಿಂಗಳಿಗೊಮ್ಮೆ ಇಬ್ಬರಿಗಾಗಿ ರುಬ್ಬಿಕೊಳ್ಳುವವರವು. ಹತ್ತು ಹನ್ನೆರಡು ಕೆ.ಜಿ. ತೂಗುವ ಯಂತ್ರವನ್ನು ಕಪಾಟಿನಿಂದ ಇಳಿಸಿ, ರುಬ್ಬಿ, ತೊಳೆದು, ಮತ್ತೆ ಮೇಲೆ ಹತ್ತಿಸುವಷ್ಟರಲ್ಲಿ ದೋಸೆಯ ಆಸೆಯೇ ಇಂಗಿಹೋಗಿರುತ್ತದೆ. ಆದರೆ ಆಫೀಸಿನವರು, ಪಕ್ಕದ ಮನೆಯವರು, ಮಕ್ಕಳ ಶಾಲೆಯ ಗೆಳೆಯರ ಅಪ್ಪ ಅಮ್ಮಂದಿರು ಅಂತ ಹತ್ತು ಜನರನ್ನು ಕರೆದು ದೋಸೆ ಹಾಕುವ ಅಭ್ಯಾಸ ಇರುವವರ ಮಾತು ಬೇರೆ. ಈ ವಿಮರ್ಶೆ ಅವರಿಗೆ. ಟೇಬಲ್ ಟಾಪ್ ವೆಟ್ ಗ್ರೈಂಡರಿಗೆ ಇಲ್ಲಿ ಇಟ್ಟಿರುವುದು ಒಂದೇ ಪರೀಕ್ಷೆ: ಶನಿವಾರ ಸಂಜೆ, ಹತ್ತು ಜನ, ಹೊಟ್ಟೆ ತುಂಬ ದೋಸೆ.

ಮೊದಲು ಲೆಕ್ಕ ಹಾಕೋಣ. ಒಂದು ಸೆಟ್ ದೋಸೆಗೆ ಸುಮಾರು 70 ಮಿ.ಲೀ. ಹಿಟ್ಟು, ಗರಿಯಾದ ಒಂದು ಮಸಾಲೆ ದೋಸೆಗೆ 100 ಮಿ.ಲೀ. ತಲೆಗೆ ಎರಡು ಸೆಟ್ ದೋಸೆ, ಒಂದೂವರೆ ಮಸಾಲೆ ದೋಸೆ ಅಂದುಕೊಂಡರೆ ಹತ್ತು ಜನಕ್ಕೆ ಹತ್ತಿರಹತ್ತಿರ 3 ಲೀಟರ್ ಹಿಟ್ಟು ಬೇಕು. ಅಷ್ಟಾಗಲು ಅಕ್ಕಿ 900 ಗ್ರಾಂ, ಗುಂಡು ಉದ್ದು 300 ಗ್ರಾಂ, ಗಟ್ಟಿ ಅವಲಕ್ಕಿ 100 ಗ್ರಾಂ, ಕಡಲೆಬೇಳೆ ಎರಡು ದೊಡ್ಡ ಚಮಚ, ಮೆಂತ್ಯ ಎರಡು ಟೀ ಚಮಚ. ಮಿಕ್ಸಿಯ ದೊಡ್ಡ ಜಾರಿನಲ್ಲಿ ಒಂದು ಸಲಕ್ಕೆ ಕಾಲು ಕೆ.ಜಿ. ನೆನೆಸಿದ ಅಕ್ಕಿ ಸರಿಯಾಗಿ ತಿರುಗೀತು, ಅದಕ್ಕಿಂತ ಹೆಚ್ಚು ಕಷ್ಟ. ಐದಾರು ಸಲ ತುಂಬಿ ಬಸಿಯುವಷ್ಟರಲ್ಲಿ ಮಿಕ್ಸಿಯ ಮೋಟರು ಕಾಯುತ್ತದೆ, ಅದರ ಜೊತೆ ಹಿಟ್ಟೂ ಬಿಸಿಯಾಗುತ್ತದೆ.

ಬಿಸಿಯಾದರೆ ಏನಾಯಿತು ಅಂತ ಕೇಳುವವರಿದ್ದಾರೆ. ದೋಸೆ ಹಿಟ್ಟನ್ನು ಉಬ್ಬಿಸುವುದು ನಾವು ಹಾಕಿದ ಯಾವುದೋ ಪುಡಿಯಲ್ಲ, ಉದ್ದಿನ ಮೇಲೆ ತಾನಾಗಿಯೇ ಇರುವ ಬ್ಯಾಕ್ಟೀರಿಯಾ. ಅದರಲ್ಲಿ ಮುಖ್ಯವಾದದ್ದು ಲ್ಯೂಕೊನಾಸ್ಟಾಕ್ ಮೆಸೆಂಟೆರಾಯ್ಡಿಸ್. ಅದು ಬಿಡುವ ಗಾಳಿಯನ್ನು ಹಿಡಿದಿಟ್ಟುಕೊಳ್ಳುವುದು ಉದ್ದಿನ ಲೋಳೆ. ಬ್ಲೇಡಿನ ಬಿಸಿ ಮಿತಿ ಮೀರಿದರೆ ಆ ಬ್ಯಾಕ್ಟೀರಿಯಾಕ್ಕೆ ಪೆಟ್ಟು. ಜೊತೆಗೆ ಬ್ಲೇಡು ಬೇಳೆಯನ್ನು ಕತ್ತರಿಸುತ್ತದೆ; ಕಲ್ಲು ಅರೆಯುತ್ತಾ ಗಾಳಿಯನ್ನೂ ಒಳಕ್ಕೆ ಸೇರಿಸುತ್ತದೆ. ಅದೇ 300 ಗ್ರಾಂ ಉದ್ದು ಕಲ್ಲಿನಲ್ಲಿ ಮಿಕ್ಸಿಗಿಂತ ಎದ್ದು ಕಾಣುವಷ್ಟು ಹೆಚ್ಚು ಹಿಟ್ಟಾಗುತ್ತದೆ. ಮಿಕ್ಸಿಯವರು ಐಸ್ ನೀರು ಹಾಕಿ, ನಿಲ್ಲಿಸಿ ನಿಲ್ಲಿಸಿ ತಿರುಗಿಸಿದರೆ ಅರ್ಧ ದಾರಿ ಬರಬಹುದು. ಇಬ್ಬರಿಗೆ ಅದು ಧಾರಾಳ.

ಇನ್ನು ಕೊಳ್ಳುವ ವಿಚಾರ. ಇಲ್ಲಿ ಜನ ಎಡವುವುದು ಬ್ರ್ಯಾಂಡಿನಲ್ಲಲ್ಲ, ಕರೆಂಟಿನಲ್ಲಿ. ಭಾರತದ ಯಂತ್ರ 230 ವೋಲ್ಟ್, 50 ಹರ್ಟ್ಸ್‌ಗೆ ಮಾಡಿದ್ದು. ಹರ್ಟ್ಸ್ ಅಂದರೆ ಕರೆಂಟು ಸೆಕೆಂಡಿಗೆ ಎಷ್ಟು ಸಲ ಏರಿಳಿಯುತ್ತದೆ ಅನ್ನುವ ಲೆಕ್ಕ. ಬ್ರಿಟನ್, ಜರ್ಮನಿ, ಆಸ್ಟ್ರೇಲಿಯಾ, ಸಿಂಗಪುರ, ಯುಎಇಗಳಲ್ಲಿ ಕರೆಂಟು ಹೆಚ್ಚುಕಡಿಮೆ ಅದೇ, ಪ್ಲಗ್ಗಿನ ಆಕಾರ ಮಾತ್ರ ಬೇರೆ. ಊರಿಂದ ತಂದದ್ದು ಅಲ್ಲಿ ಗಟ್ಟಿಮುಟ್ಟಾದ ಪ್ಲಗ್ ಅಡಾಪ್ಟರಿನಲ್ಲಿ ನಡೆಯುತ್ತದೆ. ಅಮೆರಿಕ, ಕೆನಡಾಗಳಲ್ಲಿ 120 ವೋಲ್ಟ್, 60 ಹರ್ಟ್ಸ್. ಅಲ್ಲಿ ಊರಿನ ಗ್ರೈಂಡರನ್ನು ನೇರ ಸಿಕ್ಕಿಸಿದರೆ ಡ್ರಮ್ಮು ತಿರುಗುವುದಿಲ್ಲ, ಗುಂಯ್ ಅನ್ನುತ್ತಾ ಮೋಟರು ಸುಡುತ್ತದೆ. ಟ್ರಾನ್ಸ್‌ಫಾರ್ಮರ್ ಹಾಕಿದರಾಯಿತಲ್ಲ ಅನ್ನುತ್ತಾರೆ. ಆಗುತ್ತದೆ, ಆದರೆ ಅದು ವೋಲ್ಟೇಜನ್ನು ಏರಿಸುತ್ತದೆಯೇ ಹೊರತು ಹರ್ಟ್ಸ್ ಬದಲಿಸುವುದಿಲ್ಲ. ಈ ಯಂತ್ರಗಳಲ್ಲಿರುವ ಇಂಡಕ್ಷನ್ ಮೋಟರಿನ ವೇಗ ಹರ್ಟ್ಸನ್ನೇ ಹಿಡಿದು ನಡೆಯುವುದರಿಂದ ಡ್ರಮ್ಮು ಸುಮಾರು 20 ಶೇಕಡಾ ಜೋರಾಗಿ ಓಡುತ್ತದೆ. ಹಿಟ್ಟು ಗೋಡೆಗೆ ಸಿಡಿಯುತ್ತದೆ, ಬೆಲ್ಟು ಬೇಗ ಸವೆಯುತ್ತದೆ. ಮೋಟರು 150 ವ್ಯಾಟ್ ಅಂತ 200 ವ್ಯಾಟಿನ ಟ್ರಾನ್ಸ್‌ಫಾರ್ಮರ್ ತಂದರೂ ಸಾಲದು. ಕಲ್ಲು ಹೊತ್ತು ಏಳುವ ಕ್ಷಣದಲ್ಲಿ ಮೋಟರು ಅದರ ಎಷ್ಟೋ ಪಟ್ಟು ಎಳೆಯುತ್ತದೆ. 500 ವ್ಯಾಟಿನದು ಬೇಕು. ಹೇರ್ ಡ್ರೈಯರಿಗೆ ಅಂತ ಮಾರುವ ಅಂಗೈಯಗಲದ ಟ್ರಾವೆಲ್ ಕನ್ವರ್ಟರುಗಳನ್ನಂತೂ ಹತ್ತಿರವೂ ತರಬೇಡಿ.

ಹಾಗಾಗಿ ಉತ್ತರ ಅಮೆರಿಕದಲ್ಲಿರುವವರು 110 ವೋಲ್ಟಿನ ಮಾದರಿಯನ್ನು ಅಲ್ಲೇ ಕೊಳ್ಳುವುದು ಸರಿ. ಊರಿನ ಬೆಲೆಯ ಎರಡರಷ್ಟಕ್ಕಿಂತ ಹೆಚ್ಚೇ ಕೊಡಬೇಕಾಗುತ್ತದೆ. ಆದರೂ ವಿಮಾನದ 23 ಕೆ.ಜಿ.ಯ ಒಂದು ಪೆಟ್ಟಿಗೆಯಲ್ಲಿ ಅರ್ಧ ಈ ಕಲ್ಲಿಗೇ ಹೋಗುತ್ತದೆ ಅನ್ನುವುದನ್ನೂ, ಊರಿನ ವಾರಂಟಿ ಪರದೇಶದಲ್ಲಿ ಸಾಮಾನ್ಯವಾಗಿ ನಡೆಯುವುದಿಲ್ಲ ಅನ್ನುವುದನ್ನೂ ಲೆಕ್ಕಕ್ಕೆ ಹಿಡಿಯಿರಿ. ಆ ಅರ್ಧ ಪೆಟ್ಟಿಗೆಯಲ್ಲಿ ಬ್ಯಾಡಗಿ ಮೆಣಸಿನಕಾಯಿ ತರಬಹುದಿತ್ತು.

ಮಾದರಿಗಳಲ್ಲಿ ಆಯ್ಕೆ ಬಹಳವಿಲ್ಲ. ವೆಟ್ ಗ್ರೈಂಡರ್ ಅಂದರೆ ಕೊಯಮತ್ತೂರು. ಅಲ್ಲಿನ ಗ್ರೈಂಡರಿಗೆ ಭೌಗೋಳಿಕ ಸೂಚ್ಯಂಕದ ಮಾನ್ಯತೆಯೇ ಇದೆ. ಪರದೇಶದ ಅಂಗಡಿಗಳಲ್ಲಿ ಹೆಚ್ಚು ಕಾಣುವುದು ಎಲ್ಗಿ ಅಲ್ಟ್ರಾ, ಪ್ರೀಮಿಯರ್. ಅಲ್ಟ್ರಾದಲ್ಲಿ ಶಂಕುವಿನಾಕಾರದ ಕಲ್ಲುಗಳು, ಉಳಿದ ಎಷ್ಟೋ ಯಂತ್ರಗಳಲ್ಲಿ ಉರುಳೆಯಂಥವು. ದೋಸೆಯ ಮಟ್ಟಿಗೆ ಎರಡೂ ಚೆನ್ನಾಗಿ ಅರೆಯುತ್ತವೆ. ಅಂಗಡಿಯಲ್ಲಿ ನೋಡಬೇಕಾದ್ದು ಬೇರೆ: ಹಿಟ್ಟನ್ನು ಡ್ರಮ್ಮಿನ ಗೋಡೆಯಿಂದ ಕೆರೆದು ಕಲ್ಲಿನ ಕೆಳಗೆ ನೂಕುವ ಪ್ಲಾಸ್ಟಿಕ್ ಪಟ್ಟಿ ಗೋಡೆಗೆ ಒತ್ತಿ ಕೂರುತ್ತದೆಯೇ, ಕಲ್ಲುಗಳನ್ನು ಒತ್ತಿಹಿಡಿಯುವ ಸ್ಪ್ರಿಂಗಿನ ತಿರುಪು ಕೈಯಲ್ಲೇ ಬಿಚ್ಚಲು ಬರುತ್ತದೆಯೇ, ಡ್ರಮ್ಮು ಎತ್ತಿ ಸಿಂಕಿಗೆ ಒಯ್ಯುವಷ್ಟು ಹಗುರವೇ, ಬೆಲ್ಟು ಬಿಡಿಯಾಗಿ ಸಿಗುತ್ತದೆಯೇ. ಡ್ರಮ್ಮನ್ನೇ ವಾಲಿಸಿ ಹಿಟ್ಟು ಸುರಿಯುವ ಟಿಲ್ಟಿಂಗ್ ಗ್ರೈಂಡರ್ ಆಸೆ ಹುಟ್ಟಿಸುತ್ತದೆ, ಆದರೆ ಅದಕ್ಕೆ ಅಪಾರ್ಟ್‌ಮೆಂಟಿನ ಕಟ್ಟೆಯ ಮೇಲೆ ಜಾಗವಿಲ್ಲ. ತೆಂಗು ತುರಿಯುವ, ಚಪಾತಿ ಹಿಟ್ಟು ನಾದುವ ಜೋಡಣೆಗಳಿಗೆ ಹೆಚ್ಚಿನ ದುಡ್ಡು ಕೊಡಬೇಡಿ. ಪರದೇಶದಲ್ಲಿ ತುರಿಯುವ ತೆಂಗು ಯಾರಿಗಿದೆ?

ಹೊಸ ಯಂತ್ರದಲ್ಲಿ ಮೊದಲ ದಿನವೇ ಅತಿಥಿಗಳಿಗೆ ರುಬ್ಬಬಾರದು. ಕಲ್ಲಿನ ಪುಡಿ ಬಿಡುತ್ತದೆ. ಒಂದು ಹಿಡಿ ನೆನೆಸಿದ ಅಕ್ಕಿ ಹಾಕಿ 15 ನಿಮಿಷ ರುಬ್ಬಿ ಚೆಲ್ಲಿ. ಬೂದುಬಣ್ಣದ ಹಿಟ್ಟು ಬರುತ್ತದೆ. ಎರಡನೇ ಸಲ ಬಿಳಿಯಾದರೆ ಸರಿ, ಇಲ್ಲದಿದ್ದರೆ ಮೂರನೇ ಸಲ.

ರುಬ್ಬುವ ದಿನಕ್ಕೆ ಬರೋಣ. ಶನಿವಾರ ಸಂಜೆ ಏಳಕ್ಕೆ ಜನ ಬರುವುದಾದರೆ ಶುಕ್ರವಾರ ಬೆಳಿಗ್ಗೆ ಕೆಲಸಕ್ಕೆ ಹೋಗುವ ಮುಂಚೆ ನೆನೆಹಾಕಿ. ಅಕ್ಕಿ, ಕಡಲೆಬೇಳೆ ಒಂದು ಪಾತ್ರೆಯಲ್ಲಿ. ಉದ್ದು, ಮೆಂತ್ಯ ಇನ್ನೊಂದರಲ್ಲಿ. ಅವಲಕ್ಕಿಯನ್ನು ರುಬ್ಬುವ ಅರ್ಧ ಗಂಟೆ ಮುಂಚೆ ನೆನೆಸಿದರೆ ಸಾಕು. ಅಕ್ಕಿಗೆ ಇಡ್ಲಿ ಅಕ್ಕಿ ಅರ್ಧ, ಸೋನಾಮಸೂರಿ ಅರ್ಧ ಒಳ್ಳೆಯ ಜೋಡಿ. ಇಡ್ಲಿ ಅಕ್ಕಿ ಸಿಗದ ಊರಿನಲ್ಲಿ ಸೂಪರ್‌ಮಾರ್ಕೆಟ್ಟಿನ ಪಾರ್‌ಬಾಯಿಲ್ಡ್ ಉದ್ದಕ್ಕಿ ಆ ಜಾಗ ತುಂಬುತ್ತದೆ, ಅದೂ ಕುಸುಬಲಕ್ಕಿಯೇ. ಬಾಸ್ಮತಿ ಬೇಡ, ದುಡ್ಡೂ ದಂಡ ದೋಸೆಯೂ ಒಣಕಲು. ಉದ್ದನ್ನು ಮಾತ್ರ ನೋಡಿ ಕೊಳ್ಳಿ. ಒಡೆದ ಬೇಳೆಗಿಂತ ಸಿಪ್ಪೆ ತೆಗೆದ ಗುಂಡು ಉದ್ದು ಹೆಚ್ಚು ಉಬ್ಬುತ್ತದೆ. ಪರದೇಶದ ಅಂಗಡಿಯಲ್ಲಿ ಪೊಟ್ಟಣ ಎಷ್ಟು ಕಾಲದಿಂದ ಕೂತಿದೆಯೋ ಗೊತ್ತಾಗುವುದಿಲ್ಲ. ಹಳದಿಗೆ ತಿರುಗಿದ, ಮುಗ್ಗಲು ವಾಸನೆಯ ಉದ್ದು ಎಂಥ ಕಲ್ಲಿನಲ್ಲೂ ಉಬ್ಬುವುದಿಲ್ಲ. ಹಿಟ್ಟು ಹುಳಿ ಬರದಿದ್ದಾಗ ಚಳಿಯನ್ನು ಬೈಯುವ ಮುನ್ನ ಉದ್ದಿನ ಪೊಟ್ಟಣದ ದಿನಾಂಕ ನೋಡಬೇಕು.

ಉದ್ದು ಮೊದಲು, ಅಕ್ಕಿ ಆಮೇಲೆ. ಉದ್ದಿನ ಹಿಟ್ಟು ಕಲ್ಲಿಗೆ ಅಂಟಿಕೊಂಡಿರುವುದನ್ನು ಅಕ್ಕಿ ತಾನೇ ಎಳೆದುಕೊಂಡು ಬರುತ್ತದೆ, ನಡುವೆ ತೊಳೆಯುವ ಕೆಲಸವಿಲ್ಲ. ಡ್ರಮ್ಮಿಗೆ ಮೊದಲು ಅರ್ಧ ಲೋಟ ತಣ್ಣೀರು ಹಾಕಿ ಯಂತ್ರ ಶುರುಮಾಡಿ, ಕಲ್ಲು ತಿರುಗುತ್ತಿರುವಾಗಲೇ ಉದ್ದನ್ನು ಹಿಡಿ ಹಿಡಿಯಾಗಿ ಬಿಡಿ. ಎಲ್ಲವನ್ನೂ ಸುರಿದು ಆಮೇಲೆ ಸ್ವಿಚ್ ಒತ್ತಿದರೆ ಬೇಳೆ ಕಲ್ಲಿನ ಕೆಳಗೆ ಕಚ್ಚಿಕೊಂಡು ಡ್ರಮ್ಮು ಏಳುವುದಿಲ್ಲ. ಆಗ ಗುಂಯ್ ಶಬ್ದ ಕೇಳಿದ ತಕ್ಷಣ ಆರಿಸಿ, ಕಲ್ಲು ಎತ್ತಿ, ಬೇಳೆ ತೆಗೆದು ಮತ್ತೆ ಶುರುಮಾಡಿ. ಇನ್ನೊಂದೆರಡು ಕ್ಷಣ ನೋಡೋಣ ಅಂತ ಬಿಟ್ಟರೆ ಸುಡುವುದು ಮೋಟರಿನ ಸುರುಳಿ.

ಹತ್ತು ನಿಮಿಷಕ್ಕೆ ಹಿಟ್ಟು ತರಿತರಿಯಾಗಿ ಕಾಣುತ್ತದೆ. ಇಲ್ಲಿಂದ ಮುಂದೆ ನೀರನ್ನು ಚಿಮುಕಿಸಬೇಕು, ಸುರಿಯಬಾರದು. ಹದಿನೈದು ಇಪ್ಪತ್ತು ನಿಮಿಷಕ್ಕೆ ಶಬ್ದ ಬದಲಾಗುತ್ತದೆ: ಕಲ್ಲಿನ ಗರಗರ ಹೋಗಿ ಪಚಪಚ ಅನ್ನುತ್ತದೆ, ಹಿಟ್ಟು ಬೆಣ್ಣೆಯಂತೆ ಮಡಿಕೆ ಮಡಿಕೆಯಾಗಿ ಕಲ್ಲಿನ ಮೇಲೇರಿ ಇಳಿಯುತ್ತದೆ. ಒಂದು ಬಟ್ಟಲು ನೀರಿಗೆ ಚಿಟಿಕೆ ಹಿಟ್ಟು ಬಿಟ್ಟು ನೋಡಿ. ತೇಲಿದರೆ ಆಯಿತು, ಮುಳುಗಿದರೆ ಇನ್ನೈದು ನಿಮಿಷ. 300 ಗ್ರಾಂ ಉದ್ದು ಒಟ್ಟು ಅರ್ಧ ಲೀಟರಿನಷ್ಟು ನೀರು ಕುಡಿಯುತ್ತದೆ, ಹಳೆಯ ಉದ್ದು ಕಡಿಮೆ. ಆಮೇಲೆ ಅಕ್ಕಿ, ಅವಲಕ್ಕಿ. ಯಂತ್ರದ ಪೆಟ್ಟಿಗೆ ಎರಡು ಲೀಟರ್ ಅಂದರೂ ಅಕ್ಕಿಯನ್ನು ಎರಡು ಕಂತಿನಲ್ಲಿ ಹಾಕುವುದೇ ಕ್ಷೇಮ. ಹಲವು ಮಾದರಿಗಳಲ್ಲಿ ಡ್ರಮ್ಮಿನ ನಡುವಿನ ಕಂಬದ ಮಟ್ಟ ದಾಟಿದ ಹಿಟ್ಟು ಅದರೊಳಗಿಂದ ಕೆಳಗೆ ಮೋಟರಿನ ಕಡೆ ಇಳಿಯುತ್ತದೆ. ಒಂದೊಂದು ಕಂತಿಗೆ 20 ನಿಮಿಷ. ಅಕ್ಕಿ ತೀರಾ ನುಣ್ಣಗೆ ಬೇಡ, ಬೆರಳಿಗೆ ಸಣ್ಣ ರವೆಯಷ್ಟು ತಗುಲಬೇಕು. ಒಟ್ಟು ಒಂದೂಕಾಲು ಗಂಟೆ. ಅದರಲ್ಲಿ ನಿಮ್ಮ ಕೈ ಬೇಕಾಗುವುದು ಇಪ್ಪತ್ತು ನಿಮಿಷಕ್ಕಷ್ಟೇ, ಉಳಿದ ಹೊತ್ತು ಆಲೂಗಡ್ಡೆ ಬೇಯಿಸಿಕೊಳ್ಳಿ. ಈ ಯಂತ್ರದ ನಿಜವಾದ ಲಾಭ ಇದೇ.

ಶಬ್ದದ ವಿಚಾರದಲ್ಲಿ ಗ್ರೈಂಡರು ಮಿಕ್ಸಿಯಷ್ಟು ಕಿರುಚುವುದಿಲ್ಲ, ಆದರೆ ಗಂಟೆಗಟ್ಟಲೆ ಗುನುಗುತ್ತದೆ, ಆ ಗುನುಗು ಮರದ ನೆಲದ ಮೂಲಕ ಕೆಳಗಿನ ಮನೆಗೆ ಹೋಗುತ್ತದೆ. ಕೆಳಗೆ ದಪ್ಪ ರಬ್ಬರ್ ಚಾಪೆ ಹಾಕಿ. ಜರ್ಮನಿಯಲ್ಲಿರುವವರು ರಾತ್ರಿ ಹತ್ತರ ಮೇಲೂ, ಭಾನುವಾರ ಇಡೀ ದಿನವೂ ಸದ್ದು ಮಾಡಬಾರದ ಹೊತ್ತು ಅನ್ನುವುದನ್ನು ಮರೆಯಬಾರದು. ಅಲ್ಲಿ ಭಾನುವಾರದ ದೋಸೆಗೆ ಶನಿವಾರವೇ ರುಬ್ಬಬೇಕು.

ಗ್ರೈಂಡರಿನ ಕೆಲಸ ಅಲ್ಲಿಗೆ ಮುಗಿಯಿತು. ಈ ಯಂತ್ರದ ಬಗ್ಗೆ ಬರುವ ದೂರುಗಳಲ್ಲಿ ಬಹುಪಾಲು ಇಲ್ಲಿಂದ ಮುಂದಿನವು, ಅವು ಯಂತ್ರದ ತಪ್ಪೇ ಅಲ್ಲ. ಹಿಟ್ಟು ಉಬ್ಬಲು 28ರಿಂದ 32 ಡಿಗ್ರಿ ಸೆಲ್ಸಿಯಸ್ ಹಿತ. ಅಷ್ಟಿದ್ದರೆ 8ರಿಂದ 12 ಗಂಟೆ. ಚಳಿಗಾಲದ ಮನೆಯ 20 ಡಿಗ್ರಿಯಲ್ಲಿ ಇಡೀ ದಿನ ಕಳೆದರೂ ಹಿಟ್ಟು ಮಲಗೇ ಇರುತ್ತದೆ. ಓವನ್ನಿನ ದೀಪ ಹಾಕಿ ಒಳಗಿಡಿ ಅಂತ ಎಲ್ಲರೂ ಹೇಳುತ್ತಾರೆ. ಆ ಉಪಾಯ ಹಳೆಯ ತಂತಿ ಬಲ್ಬಿನದು. ಎಲ್‌ಇಡಿ ದೀಪದ ಹೊಸ ಓವನ್ನಿನಲ್ಲಿ ಬೆಳಕಷ್ಟೇ ಇರುತ್ತದೆ, ಶಾಖ ಇರುವುದಿಲ್ಲ. ಒಳಗೊಂದು ಥರ್ಮಾಮೀಟರ್ ಇಟ್ಟು ಒಂದು ಗಂಟೆ ಬಿಟ್ಟು ನೋಡಿದರೆ ಗುಟ್ಟು ತಿಳಿಯುತ್ತದೆ. 38 ದಾಟಿದರೆ ಬಾಗಿಲ ಸಂದಿಗೆ ಮರದ ಚಮಚ ಸಿಕ್ಕಿಸಿ. ದೀಪದಿಂದ ಉಪಯೋಗವಿಲ್ಲದಿದ್ದರೆ ಪಿಕ್ನಿಕ್ಕಿನ ಐಸ್ ಬಾಕ್ಸಿನಲ್ಲಿ ಹಿಟ್ಟಿನ ಪಾತ್ರೆ ಇಟ್ಟು, ಪಕ್ಕದಲ್ಲಿ ಎರಡು ಬಾಟಲಿ ಬಿಸಿನೀರು ಇಟ್ಟು ಮುಚ್ಚಿ. ಐದಾರು ಗಂಟೆಗೊಮ್ಮೆ ನೀರು ಬದಲಿಸಿದರೆ ಓವನ್ನಿಗಿಂತ ಇದೇ ನಂಬಿಕೆಯದು. ಎಲೆಕ್ಟ್ರಿಕ್ ಕುಕ್ಕರಿನ ಮೊಸರಿನ ಬಟನ್ ಹಿಟ್ಟಿಗೆ ಸ್ವಲ್ಪ ಹೆಚ್ಚು ಬಿಸಿ. ಅದರಲ್ಲಿ ಕಡಿಮೆ ಮಟ್ಟ ಇದ್ದರೆ ಅದನ್ನು ಒತ್ತಿ.

ಪಾತ್ರೆ ಅರ್ಧ ಮಾತ್ರ ತುಂಬಿರಬೇಕು. ಮೂರು ಲೀಟರ್ ಹಿಟ್ಟಿಗೆ ಆರು ಲೀಟರಿನ ಪಾತ್ರೆ, ಅಥವಾ ಎರಡು ಪಾತ್ರೆ. ಉಕ್ಕಿ ಓವನ್ನಿನ ತಳದಲ್ಲಿ ಒಣಗಿದ ಉದ್ದಿನ ಹಿಟ್ಟನ್ನು ತೆಗೆಯುವುದೆಂದರೆ ಗಾರೆ ಕೀಳಿದಂತೆ. ಉಪ್ಪನ್ನು ಚಳಿನಾಡಿನಲ್ಲಿ ಉಬ್ಬಿದ ಮೇಲೆ ಹಾಕುವುದು ಮೇಲು, ಮೊದಲೇ ಹಾಕಿದರೆ ಇನ್ನಷ್ಟು ನಿಧಾನ. ಓವನ್ನಿನಲ್ಲಿ ಹಿಟ್ಟಿಟ್ಟವರು ಅದರ ಗುಂಡಿಯ ಮೇಲೆ ಒಂದು ಚೀಟಿ ಅಂಟಿಸಿ. ಮನೆಯ ಇನ್ಯಾರೋ ಬೆಳಿಗ್ಗೆ ಪಿಜ್ಜಾಕ್ಕೆಂದು ಓವನ್ ಕಾಯಿಸಲು ಹಾಕಿದರೆ ಹತ್ತು ಜನರ ದೋಸೆ ಅಲ್ಲೇ ಬೆಂದು ಮುಗಿಯುತ್ತದೆ. ಶನಿವಾರ ಬೆಳಿಗ್ಗೆ ಹಿಟ್ಟು ಉಬ್ಬಿ ಮೇಲೆ ಗುಳ್ಳೆ ಕಂಡರೆ ಫ್ರಿಜ್ಜಿಗೆ ಸೇರಿಸಿ, ಜನ ಬರುವ ಒಂದು ಗಂಟೆ ಮುಂಚೆ ಹೊರಗೆ ತೆಗೆಯಿರಿ.

ಇನ್ನು ಒಲೆಯ ಮುಂದಿನ ಸಾಲು. ಗರಿಯಾದ ದೋಸೆಗೆ ಒಂದಕ್ಕೆ ಎರಡೂವರೆ ನಿಮಿಷ ಹಿಡಿದರೆ ಒಂದೇ ಕಾವಲಿಯಲ್ಲಿ ಹತ್ತನೆಯವರ ತಟ್ಟೆಗೆ ಮೊದಲ ದೋಸೆ ಬೀಳುವುದು 25ನೇ ನಿಮಿಷಕ್ಕೆ. ಅಷ್ಟರಲ್ಲಿ ಮೊದಲನೆಯವರು ಎರಡನೆಯದಕ್ಕೆ ಕಾಯುತ್ತಿರುತ್ತಾರೆ. ಎಲ್ಲರ ತಟ್ಟೆಗೂ ಬಂದ ಮೇಲೆ ತಿನ್ನಲು ಶುರುಮಾಡುವುದೇ ಮರ್ಯಾದೆ ಅಂತ ಕಲಿತ ಗೆಳೆಯರಿದ್ದರಂತೂ ಮೊದಲ ದೋಸೆ ಚರ್ಮದಂತಾಗುವವರೆಗೂ ಅದನ್ನು ನೋಡುತ್ತಾ ಕೂರುತ್ತಾರೆ. ಅದಕ್ಕೇ ಮೊದಲ ಸುತ್ತು ಸೆಟ್ ದೋಸೆ. ಉಬ್ಬಿದ ಹಿಟ್ಟನ್ನು ಜೋರಾಗಿ ಕಲಕದೆ ಮೇಲಿನಿಂದ ಸೌಟಿನಲ್ಲಿ ತೆಗೆದು, ಹೆಚ್ಚು ಹರಡದೆ ಹುಯ್ದು, ಮುಚ್ಚಿ ಒಂದೇ ಬದಿ ಬೇಯಿಸಿ. ತೆಗೆದದ್ದನ್ನು ತಟ್ಟೆಯಲ್ಲಿ ಅರ್ಧ ನಿಮಿಷ ಹಬೆ ಹೋಗಲು ಬಿಟ್ಟು ಬಟ್ಟೆ ಹಾಸಿದ ಹಾಟ್‌ಬಾಕ್ಸಿಗೆ ಹಾಕಿ, ಇಲ್ಲವಾದರೆ ಒಂದಕ್ಕೊಂದು ಅಂಟುತ್ತವೆ. ಅರ್ಧ ಗಂಟೆ ಮೆತ್ತಗೇ ಇರುತ್ತವೆ. ಇಪ್ಪತ್ತು ಸೆಟ್ ದೋಸೆ, ಸಾಗು ಮೊದಲೇ ಸಿದ್ಧವಿದ್ದರೆ ಎಲ್ಲರೂ ಒಟ್ಟಿಗೆ ಕೂರಬಹುದು. ಆತಿಥೇಯರೂ ಕೂರಬಹುದು, ಇದು ಮುಖ್ಯ. ಬಡಿಸುವವರು ಕೊನೆಗೆ ಉಣ್ಣುವ ನಮ್ಮ ಪದ್ಧತಿ ಬಹಳ ಜನ ಪರದೇಶದವರಿಗೆ ಇರುಸುಮುರುಸು. ನೀವು ನಿಂತಿರುವಷ್ಟು ಹೊತ್ತು ಅವರು ಆರಾಮಾಗಿ ತಿನ್ನುವುದಿಲ್ಲ.

ಎರಡನೇ ಸುತ್ತಿನ ಗರಿ ದೋಸೆಯನ್ನು ಅವರ ಕೈಯಲ್ಲೇ ಹುಯ್ಯಿಸಿ. ಉಳಿದ ಹಿಟ್ಟಿಗೆ ಸ್ವಲ್ಪ ನೀರು, ಅರ್ಧ ಚಮಚ ಸಕ್ಕರೆ ಸೇರಿಸಿ ತೆಳುಮಾಡಿಕೊಳ್ಳಿ. ಸಕ್ಕರೆ ಬಣ್ಣಕ್ಕೆ. ಹೊಸಬರೆಲ್ಲ ಮಾಡುವ ತಪ್ಪು ಒಂದೇ: ಹಿಟ್ಟು ಸುರಿದು ಕಾವಲಿಯನ್ನೇ ಎತ್ತಿ ಓಲಾಡಿಸುತ್ತಾರೆ. ನಮ್ಮ ಹಿಟ್ಟು ಹಾಗೆ ಹರಿಯುವುದಿಲ್ಲ. ಸೌಟಿನ ತಳವನ್ನು ಒತ್ತದೆ, ನಡುವಿನಿಂದ ಹೊರಕ್ಕೆ ಸುತ್ತಿಸಬೇಕು. ಫ್ರಾನ್ಸಿನ ಕಡೆಯವರಿದ್ದರೆ ಬೇಗ ಹಿಡಿದುಕೊಳ್ಳುತ್ತಾರೆ, ಅವರ ಕ್ರೆಪ್ ಅಂಗಡಿಯಲ್ಲೂ ಮರದ ಕೋಲಿನಲ್ಲಿ ಹೀಗೇ ಹರಡುತ್ತಾರೆ. ಕಾವಲಿ ವಿಪರೀತ ಕಾದಿದ್ದರೆ ಹಿಟ್ಟು ಸೌಟಿಗೇ ಸುತ್ತಿಕೊಳ್ಳುತ್ತದೆ. ನೀರು ಚಿಮುಕಿಸಿ, ಒರೆಸಿ, ಆಮೇಲೆ ಹುಯ್ಯಿರಿ. ಇಂಡಕ್ಷನ್ ಒಲೆಯಲ್ಲಿ ಕಾವಲಿ ಸುರುಳಿಗಿಂತ ಅಗಲವಾಗಿದ್ದರೆ ನಡು ಸೀಯುತ್ತದೆ, ಅಂಚು ಹಸಿ ಉಳಿಯುತ್ತದೆ. ಹತ್ತು ನಿಮಿಷ ಸಣ್ಣ ಉರಿಯಲ್ಲಿ ಕಾಯಿಸಿದ ದಪ್ಪ ಬೀಡುಕಬ್ಬಿಣವೇ ಇದಕ್ಕೆ ಔಷಧಿ. ಒಗ್ಗರಣೆ, ಮೆಣಸಿನಕಾಯಿ ಹುರಿಯುವುದು ಎಲ್ಲ ಜನ ಬರುವ ಮುಂಚೆಯೇ ಮುಗಿದಿರಲಿ, ಕಿಟಕಿ ತೆರೆದಿರಲಿ. ಹೊಗೆಯ ಅಲಾರಂ ಹೊಡೆದುಕೊಂಡರೆ ಸಂಜೆಯ ಮಾತೆಲ್ಲ ಅದೇ ಆಗುತ್ತದೆ.

ಕೆಂಪು ಚಟ್ನಿಯನ್ನು ದೋಸೆಯ ಒಳಗೆ ಸವರದೆ ಪಕ್ಕದಲ್ಲಿ ಬಟ್ಟಲಲ್ಲಿಡಿ. ಬ್ಯಾಡಗಿ ಬಣ್ಣ ನೋಡಿ ಹೆದರುವವರಿಗೆ ಅದು ಕಾಣುವಷ್ಟು ಖಾರವಿಲ್ಲ ಅಂತ ತೋರಿಸುವುದಕ್ಕೂ ಅದೇ ಸುಲಭ. ಕರೆಯುವಾಗಲೇ ಏನು ತಿನ್ನುವುದಿಲ್ಲ ಅಂತ ಕೇಳಿಕೊಳ್ಳಿ. ದೋಸೆಯಲ್ಲಿ ಗೋಧಿ ಇಲ್ಲ ನಿಜ, ಆದರೆ ಅಂಗಡಿಯ ಪುಡಿ ಇಂಗಿನಲ್ಲಿ ಬಹಳ ಸಲ ಗೋಧಿ ಹಿಟ್ಟು ಬೆರೆತಿರುತ್ತದೆ. ಗ್ಲುಟೆನ್ ಆಗದವರಿಗೆ ಸಾಗುವಿನ ಒಗ್ಗರಣೆಯೇ ಅಪಾಯ. ಸಾಗುವಿಗೆ ಅರೆದ ಗೋಡಂಬಿ ಕಣ್ಣಿಗೆ ಕಾಣುವುದಿಲ್ಲ, ಬಾಯಿಬಿಟ್ಟು ಹೇಳಬೇಕು. ಸಾಸಿವೆಯೂ ಯುರೋಪಿನ ಕಾನೂನಿನಲ್ಲಿ ಅಲರ್ಜಿ ಪಟ್ಟಿಯಲ್ಲಿರುವ 14 ಪದಾರ್ಥಗಳಲ್ಲೊಂದು. ಹಾಲು ತುಪ್ಪ ಬಿಟ್ಟವರಿಗೆ ಬೆಣ್ಣೆಯ ಬದಲು ಎಣ್ಣೆ, ಅವರ ದೋಸೆಗೆ ಬೇರೆ ಸಟ್ಟುಗ.

ಉಪಚಾರದಲ್ಲಿ ಒಂದು ಸಣ್ಣ ತೊಡಕು ಇದೆ. ತಟ್ಟೆ ಖಾಲಿ ಮಾಡುವುದು ಅವರ ಪ್ರಕಾರ ಚೆನ್ನಾಗಿತ್ತು ಅನ್ನುವ ಸೂಚನೆ. ನಮ್ಮ ಕಣ್ಣಿಗೆ ಖಾಲಿ ತಟ್ಟೆ ಅಂದರೆ ಇನ್ನೂ ಬೇಕು ಅಂತ. ಅವರು ಮರ್ಯಾದೆಗೆ ತಿಂದು ಮುಗಿಸುತ್ತಾರೆ, ನಾವು ಮರ್ಯಾದೆಗೆ ಇನ್ನೊಂದು ಹಾಕುತ್ತೇವೆ, ನಾಲ್ಕನೇ ದೋಸೆಗೆ ಅವರ ಮುಖ ಸಣ್ಣದಾಗುತ್ತದೆ. ಸಾಕಾದಾಗ ತಟ್ಟೆಯ ಮೇಲೆ ಕೈ ಅಡ್ಡ ಹಿಡಿದು “ಸಾಕು” ಅನ್ನಿ ಅಂತ ಮೊದಲೇ ಕಲಿಸಿಬಿಡಿ. ಕನ್ನಡದಲ್ಲಿ ಅವರು ಕಲಿಯುವ ಮೊದಲ ಪದ ಅದೇ ಆಗಲಿ.

ಕಾಯಿ ಚಟ್ನಿಯನ್ನು ಈ ಗ್ರೈಂಡರಿನಲ್ಲಿ ಮಾಡಹೋಗಬೇಡಿ. ಹತ್ತು ಜನರ ಚಟ್ನಿಯೂ ಎರಡು ಲೀಟರಿನ ಡ್ರಮ್ಮಿಗೆ ಬಹಳ ಕಡಿಮೆ, ಕಲ್ಲಿಗೆ ಸಿಗದೆ ಸುತ್ತಲೇ ಓಡುತ್ತಿರುತ್ತದೆ. ಮಿಕ್ಸಿಯೇ ಸರಿ. ಫ್ರೀಜರಿನ ತೆಂಗಿನತುರಿಯನ್ನು ಮಂಜು ಬಿಡದೆ ರುಬ್ಬಿದರೆ ಅದರ ಕೊಬ್ಬು ಬೇರ್ಪಟ್ಟು ಜಿಡ್ಡಿನ ಗಂಟಾಗುತ್ತದೆ. ತುರಿ ಪೂರ್ತಿ ಕರಗಿ, ಕೈಗೆ ತಣ್ಣಗೆ ತಗುಲದಂತಾದ ಮೇಲೆ ಉಗುರುಬೆಚ್ಚಗಿನ ನೀರು, ಹುರಿಗಡಲೆ ಹಾಕಿ ರುಬ್ಬಿ.

ತೊಳೆಯುವುದನ್ನು ಮಾರನೇ ದಿನಕ್ಕೆ ಉಳಿಸಿದರೆ ಕೆಟ್ಟಿರಿ. ಅಕ್ಕಿ ತೆಗೆದ ಕೂಡಲೇ ಎರಡು ಲೋಟ ನೀರು ಹಾಕಿ ಒಂದು ನಿಮಿಷ ಓಡಿಸಿ. ಆ ನೀರನ್ನು ಹಿಟ್ಟು ತೆಳುಮಾಡಲು ಎತ್ತಿಟ್ಟುಕೊಳ್ಳಿ, ಸಿಂಕಿಗೆ ಸುರಿದರೆ ಕೊಳವೆ ಕಟ್ಟುತ್ತದೆ. ಕಲ್ಲುಗಳಿಗೆ ಸೋಪು ಬೇಡ, ಬ್ರಶ್ಶು ಸಾಕು, ಡಿಶ್‌ವಾಶರಿಗೆ ಹಾಕಲೇಬೇಡಿ. ಒಣಗದೆ ಮುಚ್ಚಿಟ್ಟರೆ ಬೂಸಲು. ವರ್ಷಗಳ ಮೇಲೆ ಬರುವ ಕಾಯಿಲೆಗಳು ಮೂರು. ಗಟ್ಟಿ ಹಿಟ್ಟಿಗೆ ಡ್ರಮ್ಮು ನಿಂತು ರಬ್ಬರ್ ಸುಟ್ಟ ವಾಸನೆ ಬಂದರೆ ಬೆಲ್ಟು ಸಡಿಲವಾಗಿದೆ. ಹಿಟ್ಟಿನಲ್ಲಿ ಅರೆಯದ ಕಾಳು ಉಳಿದರೆ ಕೆರೆಯುವ ಪಟ್ಟಿ ಸವೆದಿದೆ. ಕಪ್ಪು ಗೆರೆ ಕಂಡರೆ ಕಲ್ಲಿನ ನಡುವಿನ ಬುಷ್, ಅಂದರೆ ಕಲ್ಲು ತಿರುಗುವ ಒಳಬಳೆ, ಸವೆದುಹೋಗಿದೆ, ಅದು ಬದಲಾಗುವವರೆಗೆ ರುಬ್ಬಬೇಡಿ. ಮೊದಲೆರಡನ್ನು ಮನೆಯಲ್ಲೇ ಬದಲಿಸಬಹುದು. ಕೊಳ್ಳುವ ದಿನವೇ ಒಂದು ಬೆಲ್ಟು, ಒಂದು ಪಟ್ಟಿ ಹೆಚ್ಚಿಗೆ ತೆಗೆದಿಟ್ಟುಕೊಳ್ಳುವುದು ಜಾಣತನ.

ಹಳೆಯದನ್ನು ಕೊಳ್ಳುವವರಿಗೆ ಒಂದು ಮಾತು. ಅಮೆರಿಕದಲ್ಲಿ ಮನೆಯಲ್ಲೇ ಕೋಕೋ ಬೀಜದಿಂದ ಚಾಕೊಲೇಟ್ ಮಾಡುವವರು ಇದೇ ಯಂತ್ರವನ್ನು ಬಳಸುತ್ತಾರೆ. ಅದಕ್ಕೆಂದೇ ದಿನಗಟ್ಟಲೆ ಓಡುವ ಹಾಗೆ ಬದಲಿಸಿದ ಮಾದರಿಗಳೂ ಬಂದಿವೆ. ಚಾಕೊಲೇಟಿಗೆ ಓಡಿದ ಕಲ್ಲು ಎಷ್ಟು ತೊಳೆದರೂ ಕೋಕೋ ವಾಸನೆ ಬಿಡುವುದಿಲ್ಲ. ಕಲ್ಲಿಗೆ ಮೂಗು ಹತ್ತಿರ ಹಿಡಿದು ನೋಡಿ ದುಡ್ಡು ಕೊಡಿ.

ತಿಂಗಳಿಗೆ ಎರಡು ಸಲವಾದರೂ ಆರೆಂಟು ಜನರಿಗೆ ರುಬ್ಬುವವರಿಗೆ ಎರಡು ಲೀಟರಿನದು ಕೊಟ್ಟ ದುಡ್ಡಿಗೆ ಸರಿ. ನಾಲ್ಕು ಜನರ ಮನೆಗೆ ಒಂದೂವರೆ ಲೀಟರ್ ಸಾಕು. ವರ್ಷಕ್ಕೆ ಯುಗಾದಿ, ದೀಪಾವಳಿ ಅಂತ ಎರಡು ಸಲ ಕರೆಯುವವರು ಇಂಡಿಯನ್ ಅಂಗಡಿಯ ಸಿದ್ಧ ಹಿಟ್ಟು ತರುವುದೇ ವಾಸಿ. ಅದು ದೋಸೆಗೆ ಅಡ್ಡಿಯಿಲ್ಲ, ಇಡ್ಲಿಗೆ ಮಾತ್ರ ಚಪ್ಪಟೆ.

ಕೊನೆಗೆ ಹಿಟ್ಟು ಉಳಿಯುತ್ತದೆ, ಗೆಳೆಯರು ಕೇಳಿಯೂ ಕೇಳುತ್ತಾರೆ. ಡಬ್ಬಿಯ ಅರ್ಧಕ್ಕೆ ಮಾತ್ರ ಹಾಕಿ, ಮುಚ್ಚಳ ಸಡಿಲ ಬಿಟ್ಟು ಕೊಡಿ. ಬಿಗಿಯಾಗಿ ಮುಚ್ಚಿದ ಡಬ್ಬಿ ಕಾರಿನ ಹೀಟರಿನ ಬಿಸಿಗೆ ದಾರಿಯಲ್ಲೇ ಉಬ್ಬಿ ಸಿಡಿದೀತು. ಫ್ರಿಜ್ಜಿನಲ್ಲಿ ಮೂರು ದಿನ ಅಂತ ಹೇಳಿ. ಮೂರನೇ ದಿನದ ಹುಳಿ ಹಿಟ್ಟು ದೋಸೆಗಿಂತ ಪಡ್ಡಿಗೆ ಚೆಂದ: ಈರುಳ್ಳಿ, ಹಸಿಮೆಣಸು, ಕೊತ್ತಂಬರಿ ಸೇರಿಸಿದರಾಯಿತು. ಪಡ್ಡಿನ ಕಾವಲಿ ಅವರ ಬಳಿ ಎಲ್ಲಿಂದ ಬರಬೇಕು ಅನ್ನಬೇಡಿ. ಡೆನ್ಮಾರ್ಕಿನವರು ಕ್ರಿಸ್‌ಮಸ್ಸಿಗೆ ಎಬ್ಲೆಸ್ಕೀವರ್ ಮಾಡುವ ಗುಳಿ ಕಾವಲಿ, ಜಪಾನಿನವರ ತಾಕೊಯಾಕಿ ಕಾವಲಿ ಎರಡೂ ನಮ್ಮ ಪಡ್ಡಿನ ಕಾವಲಿಯ ಅಕ್ಕತಂಗಿಯರೇ.